ಕೀಡೌನ್ ನಂಬಿಕೊಂಡು ಫಾರ್ಮ್ ಕಟ್ಟುವವರಿಗೆ

ಮೊಬೈಲ್ ನಂಬರ್ ಬರೆಯುವ ಜಾಗದಲ್ಲಿ ಅಂಕಿ ಬಿಟ್ಟು ಬೇರೇನೂ ಬೀಳಬಾರದು ಅಂತ ಕೀಪ್ರೆಸ್‌ಗೆ (ಕೀ ಒತ್ತಿದಾಗ ಬ್ರೌಸರ್ ಕೊಡುವ ಸುದ್ದಿ, ಅಂದರೆ ಇವೆಂಟ್) ಒಂದು ಫಂಕ್ಷನ್ ಹಾಕಿರುವ ಕೋಡ್ ಇವತ್ತಿಗೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡುತ್ತದೆ. ಅದೇ ಫಾರ್ಮನ್ನು ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ತೆಗೆದು ಮಾಮೂಲಿ ಕೀಬೋರ್ಡಿನಲ್ಲಿ ಟೈಪ್ ಮಾಡಿ ನೋಡಿ, ಬಹಳಷ್ಟು ಸಲ ಆ ಫಂಕ್ಷನ್ ಎದ್ದೇಳುವುದೇ ಇಲ್ಲ. ಅಕ್ಷರ, ಚುಕ್ಕಿ, ಇಮೋಜಿ ಎಲ್ಲವೂ ಆರಾಮಾಗಿ ಒಳಗೆ. ಆಮೇಲೆ ಟಿಕೆಟ್‌ನಲ್ಲಿ 'ಕ್ರೋಮ್ ಬಗ್' ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಬಗ್ ಅಲ್ಲ ಸ್ವಾಮಿ ಅದು. ಫೋನಿನಲ್ಲಿ ಬೆರಳು ಎಳೆದು ಬರೆಯುತ್ತೇವೆ, ಮಾತಾಡಿ ಬರೆಸುತ್ತೇವೆ, ಮೇಲೆ ಬಂದ ಪದವನ್ನು ಮುಟ್ಟಿ ಸೇರಿಸುತ್ತೇವೆ. ಇದರಲ್ಲಿ 'ಕೀ' ಎಲ್ಲಿದೆ? ಅದಕ್ಕೇ ಕೀಡೌನ್ (ಕೀ ಕೆಳಗೆ ಹೋದಾಗಿನ ಇವೆಂಟ್) ಬಂದರೂ ಕೀಕೋಡ್, ಅಂದರೆ ಕೀಯ ಸಂಖ್ಯೆ, ಬರೀ 229 (ಕೀಬೋರ್ಡ್ ಇನ್ನೂ ಪದ ಕಟ್ಟುತ್ತಿದೆ ಎಂಬ ಗುರುತು), ಕೀ ಹೆಸರು 'ಅನ್‌ಐಡೆಂಟಿಫೈಡ್'. ಯಾವ ಅಕ್ಷರ ಅಂತ ಕೇಳಿದರೆ ಬ್ರೌಸರ್‌ಗೇ ಗೊತ್ತಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರ ಬಿಸಿ ಇನ್ನೂ ಜಾಸ್ತಿ. ಟೈಪ್ ಮಾಡುವಾಗ ಪದದ ಕೆಳಗೆ ಒಂದು ಗೆರೆ ಇರುತ್ತದೆ, ಅಲ್ವಾ? ಆ ಪದ ಇನ್ನೂ ಕೀಬೋರ್ಡಿನ ಕೈಯಲ್ಲೇ ಇದೆ ಅಂತ ಅರ್ಥ. ಈ ಹೊತ್ತಿನಲ್ಲೂ ಇನ್‌ಪುಟ್ ಇವೆಂಟ್ (ಫೀಲ್ಡಿನಲ್ಲಿರುವುದು ಬದಲಾದಾಗಿನದು) ಬರುತ್ತಿರುತ್ತದೆ. ನಮ್ಮ ಕೋಡ್ ಅದನ್ನು ಕೇಳಿಸಿಕೊಂಡು, ಸ್ಪೇಸ್ ತೆಗೆದು, ಏನೋ ತಿದ್ದಿ, ವ್ಯಾಲ್ಯೂ ವಾಪಸ್ ಬರೆದರೆ ಆಯಿತು ಕಥೆ. ಕರ್ಸರ್ ಕೊನೆಗೆ ಹಾರುತ್ತದೆ, ಕೆಲವು ಕೀಬೋರ್ಡುಗಳಲ್ಲಿ ಬರೆದದ್ದೇ ಎರಡೆರಡು ಸಲ ಬೀಳುತ್ತದೆ. ಈಸ್‌ಕಂಪೋಸಿಂಗ್ (ಪದ ಇನ್ನೂ ಮುಗಿದಿಲ್ಲ ಎಂಬ ಗುರುತು) ಟ್ರೂ ಇರುವಷ್ಟು ಹೊತ್ತು ಸುಮ್ನೆ ಇದ್ದು, ಕಾಂಪೊಸಿಷನ್‌ಎಂಡ್ (ಪದ ಮುಗಿಯಿತು ಎಂಬ ಇವೆಂಟ್) ಬಂದ ಮೇಲೆ ತಿದ್ದಿ. ಅಲ್ಲೂ ಒಂದು ಕೊಕ್ಕೆ ಇದೆ. ಕ್ರೋಮ್‌ನಲ್ಲಿ ಕೊನೆಯ ಇನ್‌ಪುಟ್ ಇವೆಂಟ್ ಕಾಂಪೊಸಿಷನ್‌ಎಂಡ್‌ಗಿಂತ ಮೊದಲೇ ಬಂದು ಹೋಗಿರುತ್ತದೆ, ಹಾಗಾಗಿ ತಿದ್ದುವ ಫಂಕ್ಷನ್ ಎರಡೂ ಕಡೆ ಇರಬೇಕು.

ಸಫಾರಿಯದು ಬೇರೆಯೇ ರಾಗ. ಪದ ಆರಿಸಲು ಎಂಟರ್ ಒತ್ತಿದಾಗ ಅಲ್ಲಿ ಮೊದಲು ಕಾಂಪೊಸಿಷನ್‌ಎಂಡ್, ಆಮೇಲೆ ಕೀಡೌನ್. ಅಷ್ಟರಲ್ಲಿ ಈಸ್‌ಕಂಪೋಸಿಂಗ್ ಫಾಲ್ಸ್ ಆಗಿರುತ್ತದೆ, ಎಂಟರ್‌ಗೆ ಸಬ್ಮಿಟ್ ಕಟ್ಟಿದ್ದರೆ ಅರ್ಧ ಮೆಸೇಜ್ ಹೊರಟೇ ಹೋಗುತ್ತದೆ. ಜಪಾನಿ ಡೆವಲಪರ್‌ಗಳು ವರ್ಷಗಟ್ಟಲೆ ಗೋಳಾಡಿದ್ದು ಇದಕ್ಕೇ. ಹಳೇ ಕೀಕೋಡ್ ಬಳಸಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಎಂಟರ್‌ನ ಕೀಕೋಡ್ ಇನ್ನೂ 229 ಆಗಿಯೇ ಇರುತ್ತದೆ, ಇಲ್ಲಿ ಕೈ ಹಿಡಿಯುವುದು ಅದೇ.

ಮ್ಯಾಕ್‌ನ ಸಫಾರಿಯಲ್ಲಿ ಬಟನ್ ಒತ್ತಿದರೆ ಬಟನ್‌ಗೆ ಫೋಕಸ್ ಹೋಗುವುದಿಲ್ಲ, ಬ್ಲರ್‌ನಲ್ಲಿ (ಫೀಲ್ಡ್ ಫೋಕಸ್ ಕಳೆದುಕೊಂಡಾಗಿನ ಇವೆಂಟ್) ಫೋಕಸ್ ಎಲ್ಲಿಗೆ ಹೋಯಿತು ಅಂತ ಹೇಳುವ ರಿಲೇಟೆಡ್‌ಟಾರ್ಗೆಟ್ ನಲ್, ಅಂದರೆ ಖಾಲಿ, ಬರುತ್ತದೆ ಎಂಬುದನ್ನೂ ನೆನಪಿಡಿ. ಸಜೆಷನ್ ಪಟ್ಟಿ ಕ್ಲಿಕ್ ಆಗುವ ಮೊದಲೇ ಮಾಯವಾಗುವುದು ಬೇರೆ ವಿಷಯ. ಬ್ಲರ್ ಬರುವುದು ಕ್ಲಿಕ್‌ಗಿಂತ ಮೊದಲು, ಎಲ್ಲ ಬ್ರೌಸರ್‌ಗಳಲ್ಲೂ. ಪಟ್ಟಿಯ ಮೌಸ್‌ಡೌನ್‌ನಲ್ಲಿ ಪ್ರಿವೆಂಟ್‌ಡೀಫಾಲ್ಟ್ ಹಾಕಿದರೆ ಸಾಕು, ಫೋಕಸ್ ಫೀಲ್ಡಿನಲ್ಲೇ ಉಳಿಯುತ್ತದೆ.

ನನ್ನ ವಾದ ಇಷ್ಟೇ: ಕೀ ಹಿಂದೆ ಓಡಬೇಡಿ, ಫೀಲ್ಡಿನಲ್ಲಿ ಏನು ಬಿದ್ದಿದೆ ಅಂತ ನೋಡಿ. ಇನ್‌ಪುಟ್‌ನಲ್ಲಿ ನೋಡಿ, ಚೇಂಜ್‌ನಲ್ಲಿ ತಿದ್ದಿ, ಸಬ್ಮಿಟ್‌ನಲ್ಲಿ ತಡೆಯಿರಿ. ಬಿಫೋರ್‌ಇನ್‌ಪುಟ್ (ಅಕ್ಷರ ಫೀಲ್ಡಿಗೆ ಬೀಳುವ ಮುಂಚೆ ಬರುವ ಇವೆಂಟ್) ಫೈರ್‌ಫಾಕ್ಸ್‌ಗೆ 2021ರಲ್ಲಿ 87ನೇ ಆವೃತ್ತಿಯಲ್ಲೇ ಬಂದಿದೆ, ಈಗ ಎಲ್ಲ ಕಡೆ ಇದೆ.

ಟೆಸ್ಟ್ ಮಾಡಿದ್ದೀವಿ ಅನ್ನುವವರು ಮಾಡಿರುವುದು ಹೆಚ್ಚಾಗಿ ಲ್ಯಾಪ್‌ಟಾಪ್ ಬ್ರೌಸರ್‌ನ ಡೆವ್‌ಟೂಲ್ಸ್‌ನ ಮೊಬೈಲ್ ವ್ಯೂನಲ್ಲಿ. ಅದು ಪರದೆ ಚಿಕ್ಕದು ಮಾಡುತ್ತದೆ, ಟಚ್ ನಟಿಸುತ್ತದೆ, ಕೀಬೋರ್ಡ್ ಮಾತ್ರ ನಿಮ್ಮ ಲ್ಯಾಪ್‌ಟಾಪಿನದೇ. ಐಫೋನಿನ ಕ್ರೋಮ್‌ನಲ್ಲಿ ನೋಡಿ 'ಕ್ರೋಮ್ ಓಕೆ' ಅಂದರೂ ಆಗಲ್ಲ, ನಮ್ಮ ಕಡೆ ಸಿಗುವ ಐಫೋನ್ ಬ್ರೌಸರ್‌ಗಳ ಒಳಗೆ ಇರುವುದು ಸಫಾರಿಯ ಎಂಜಿನ್ ವೆಬ್‌ಕಿಟ್. ಒಂದು ಸಾಧಾರಣ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಗೆ ಚುಚ್ಚಿ, ಕ್ರೋಮ್‌ನ ಇನ್ಸ್‌ಪೆಕ್ಟ್ ಪುಟ ತೆಗೆದು, ಕನ್ಸೋಲ್‌ನಲ್ಲಿ ಆ ಫೀಲ್ಡಿಗೆ ಮಾನಿಟರ್‌ಇವೆಂಟ್ಸ್ (ಬಂದ ಇವೆಂಟ್‌ಗಳನ್ನು ತೋರಿಸುವ ಆದೇಶ) ಕೊಟ್ಟು, ಅದರಲ್ಲಿ ಕಾಂಪೊಸಿಷನ್‌ಎಂಡ್‌ನಂಥ ಇವೆಂಟ್‌ಗಳ ಹೆಸರನ್ನೂ ಬರೆದು, ಕನ್ನಡದಲ್ಲಿ ಒಂದು ಹೆಸರು ಬರೆಯಿರಿ. ಯಾವುದರ ಹಿಂದೆ ಯಾವುದು ಬರುತ್ತದೆ ಅಂತ ಅಲ್ಲೇ ಕಾಣುತ್ತದೆ.

ಹೆಸರು 'ರಾಜ್‌ಕುಮಾರ್' ಅಂತಲೇ ಇರಲಿ. ರೆಜೆಕ್ಸ್‌ನಲ್ಲಿ (ಯಾವ ಅಕ್ಷರ ಸರಿ ಅಂತ ಹೇಳುವ ಮಾದರಿ) ಯುನಿಕೋಡ್ ಲೆಟರ್ ಮಾತ್ರ ಬಿಟ್ಟಿದ್ದರೆ ದೀರ್ಘ, ಕೊಂಬು, ಅರ್ಧಾಕ್ಷರ ಯಾವುದೂ ಪಾಸಾಗುವುದಿಲ್ಲ, ಇಂಥ ಚಿಹ್ನೆಗಳಿರುವ ಮಾರ್ಕ್ ಗುಂಪನ್ನೂ ಸೇರಿಸಬೇಕು. ಸೇರಿಸಿದರೂ ಈ ಹೆಸರು ಪಾಸಾಗುವುದಿಲ್ಲ, ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಕೂತಿದೆ. ಅದನ್ನೂ ಬಿಡಿ ಒಳಗೆ.