ಅಜ್ಜಿಯ ದನಿ, ಆಷಾಢದ ಮಳೆ

ಅಪ್ಪೆಮಿಡಿ ಉಪ್ಪಿನಕಾಯಿಯ ಮರ್ಮವನ್ನು ಅಜ್ಜಿಯ ಬಾಯಿಂದಲೇ ಹಿಡಿದಿಡಬೇಕೆಂದು ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುಳಿತದ್ದು ಆಷಾಢದ ಒಂದು ಮಧ್ಯಾಹ್ನ. ಬುದ್ಧಿ ನೆಟ್ಟಗಿದ್ದವರು ಆಷಾಢದಲ್ಲಿ ಹೆಂಚಿನ ಮನೆಯೊಳಗೆ ಧ್ವನಿಮುದ್ರಣಕ್ಕೆ ಇಳಿಯುವುದಿಲ್ಲ. ಆಮೇಲೆ ಕೇಳಿದರೆ ಫ್ರಿಜ್ಜು, ಕುಕ್ಕರು, ಮಳೆ ಎಲ್ಲವೂ ಅಜ್ಜಿಗಿಂತ ಮುಂದೆ ಬಂದು ಕುಳಿತಿದ್ದವು.

ಕಂಪ್ಯೂಟರಿನಲ್ಲಿ ತೊಳೆಯಲು ತೊಡಗಿದೆ. ಫ್ರಿಜ್ಜು ಪಾಪದ್ದು, ಒಂದೇ ಸಮನೆ ಗುಂಯ್‌ಗುಡುತ್ತದೆ. ಯಾರೂ ಮಾತಾಡದ ಒಂದು ಕ್ಷಣವನ್ನು ತೋರಿಸಿ 'ಇದು ಗದ್ದಲ, ಎಲ್ಲ ಕಡೆಯಿಂದಲೂ ಕಳೆ' ಎಂದರೆ ತಂತ್ರಾಂಶ ಕಳೆದುಬಿಡುತ್ತದೆ. 1979ರಲ್ಲಿ ಸಂಶೋಧಕ ಸ್ಟೀವನ್ ಬೋಲ್ ಬರೆದಿಟ್ಟ ವ್ಯವಕಲನದ ಲೆಕ್ಕವದು. ಆದರೆ ಮಳೆ ಫ್ರಿಜ್ಜಲ್ಲ. ಮಾದರಿ ಹಿಡಿದ ಗಳಿಗೆಯಲ್ಲಿ ಜಿನುಗುತ್ತಿದ್ದದ್ದು, ಅಜ್ಜಿ 'ಉಪ್ಪುನೀರು ಕುದಿಸಿ ಆರಿಸು' ಎನ್ನುವಷ್ಟರಲ್ಲಿ ಧೋ ಎಂದು ಸುರಿಯತೊಡಗಿತ್ತು. ಜಿನುಗಿನ ಅಳತೆಗೆ ಹೊಲಿದ ಅಂಗಿ ಆ ಮೈಗೆ ಏರಲಿಲ್ಲ.

ಹಟ ಹಿಡಿದು ಇನ್ನಷ್ಟು ಕಳೆದೆ. ಅಜ್ಜಿ ತಾಮ್ರದ ಕೊಡಪಾನದೊಳಗೆ ಇಳಿದಳು. ಸುತ್ತ ಗೆಜ್ಜೆ ಕಟ್ಟಿದ ಸೊಳ್ಳೆಗಳು ಹಾರಾಡಿದವು. ಇದಕ್ಕಿಂತ ದೊಡ್ಡ ನಷ್ಟ ಸಾಸಿವೆಯದು. ಸಕಾರವೆಂದರೆ ಹಲ್ಲಿನ ಸಂದಿಯಲ್ಲಿ ನುಸುಳುವ ಗಾಳಿ ತಾನೇ? ಹೆಂಚಿನ ಮೇಲಿನ ಮಳೆಗೆ ಅದು ಹತ್ತಿರದ ನೆಂಟ. ತಂತ್ರಾಂಶ ಎರಡನ್ನೂ ಒಟ್ಟಿಗೆ ಗುಡಿಸಿತು, 'ಸಾಸಿವೆ' 'ಆಇವೆ' ಆಯಿತು. ದನಿಯ ಬಲವೆಲ್ಲ ಸ್ವರಗಳಲ್ಲಿ. ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡುವ ಕೆಲಸ ಮಾತ್ರ ಹೆಚ್ಚಾಗಿ ಈ ಬಡಕಲು ವ್ಯಂಜನಗಳ ಪಾಲಿಗೆ. ಮೊಬೈಲನ್ನು ಕಿಟಕಿಗೆ ಕೊಡದೆ ಅಜ್ಜಿಯ ಮಡಿಲಲ್ಲಿಟ್ಟಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ದೂರ ಅರ್ಧವಾದರೆ ದನಿ ಆರು ಡೆಸಿಬೆಲ್ ಏರುತ್ತದೆ, ಮಳೆ ಇದ್ದಲ್ಲೇ ಇರುತ್ತದೆ.

ಕೊನೆಗೆ ನರಜಾಲದ (ನ್ಯೂರಲ್ ನೆಟ್‌ವರ್ಕಿನ) ಹೊಸ ತಂತ್ರಾಂಶವೊಂದನ್ನು ಹಿಡಿದೆ. ಸಾವಿರಾರು ಗದ್ದಲಗಳನ್ನೂ ಮಾತುಗಳನ್ನೂ ಕೇಳಿ ಪಳಗಿದ ಇಂಥವು ಕ್ಷಣಕ್ಷಣಕ್ಕೂ ಅಂದಾಜು ಬದಲಿಸಿಕೊಳ್ಳುತ್ತವೆ. ಸಾಸಿವೆ ಮರಳಿತು. ಉಪ್ಪಿನ ಅಳತೆಯನ್ನು ಮಾತ್ರ ಕುಕ್ಕರಿನ ಮೂರನೆಯ ಸೀಟಿ ನುಂಗಿತ್ತು. ಅದನ್ನು ಯಾವ ಜಾಲವೂ ಕಕ್ಕಿಸಲಿಲ್ಲ, ಫೋನು ಮಾಡಿ ಕೇಳಬೇಕಾಯಿತು.

ಮುದ್ರಣದೊಳಗಿನ ಮಳೆಯಂತೂ ಪೂರ್ತಿ ನಿಂತಿತು. ಆಗ ಹೊಸ ತೊಡಕು. ಗದ್ದಲ ಏರಿದಂತೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಹೇಳಿದ್ದ. ಅಜ್ಜಿಯೂ ಮಳೆಯೊಡನೆ ಏರಿದ್ದಳು. ಈಗ ಸೂಜಿ ಬಿದ್ದರೂ ಕೇಳುವ ನಿಶ್ಶಬ್ದದಲ್ಲಿ, ನಾನು ಯಾವ ತಪ್ಪೂ ಮಾಡಿರದಿದ್ದರೂ, ಗಂಟಲು ಹರಿಯುವಂತೆ ಗದರುತ್ತಾಳೆ: "ಭರಣಿಗೆ ನೀರು ಸೋಕಿಸಬೇಡ!"