ವಕೀಲರಿಗೆ ಮನೆ ಕೊಡಲ್ಲವಂತೆ

ಸೋಮವಾರ ಬೆಂಗಳೂರಲ್ಲಿ ಸೀನಿಯರ್ ಒಬ್ಬರ ಆಫೀಸಿಗೆ ಸೇರಬೇಕು. ವಿಜಯನಗರದಲ್ಲಿ ಬಾಡಿಗೆಗೆ ಕೊಡ್ತೀವಿ ಅಂದಿದ್ದ ಮನೆಯೂ ಇವತ್ತು ಕೈತಪ್ಪಿತು. "ಲಾಯರ್ ಅಂತ ಮೊದಲೇ ಹೇಳೋದಲ್ವಾ?" ಎಂದು ಬ್ರೋಕರ್ ನನ್ನ ಮೇಲೇ ರೇಗಿದ.

ವೆಜ್ಜಾ, ನಾನ್‌ವೆಜ್ಜಾ, ಮದುವೆ ಆಗಿದೆಯಾ, ಯಾವ ಊರು, ಯಾವ ಜನ? ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಕೆಲಸದ ಪ್ರಶ್ನೆ. ವಕೀಲ ಅಂದ ತಕ್ಷಣ ಮಾಲೀಕರು ಮುಖ ಗಂಟು ಹಾಕುತ್ತಾರೆ. "ನೀವು ಮನೆ ಖಾಲಿ ಮಾಡಲ್ಲ, ಕೇಸ್ ಹಾಕ್ತೀರಿ." ನಾನು ಯಾರ ಮನೆ ನುಂಗಿದ್ದೇನೆ?

ಕಾನೂನಿನ ಭಯ ಇರುವುದು ಯಾರಿಗೆ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ (ರಾಜ್ಯ ಒಪ್ಪಿದರೆ ಮಾತ್ರ ಜಾರಿ) ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೂಡದು ಅಂತಿದೆ. ಇಲ್ಲಿ 10 ತಿಂಗಳದ್ದು ಕೇಳುತ್ತಾರೆ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು, ಅದಕ್ಕೇ 11 ತಿಂಗಳ ಅಗ್ರಿಮೆಂಟ್. ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಇದನ್ನೆಲ್ಲ ಸುಮ್ನೆ ಒಪ್ಪಿಕೊಂಡವನಿಗೂ ಮನೆ ಇಲ್ಲ ಅಂದರೆ ಹೇಗೆ?

ಅದೇ ಮಾಲೀಕರಿಗೆ ಸೈಟಿನ ತಕರಾರು ಬಂದರೆ ಮೊದಲು ಹುಡುಕುವುದು ವಕೀಲರನ್ನೇ, ಅಲ್ವಾ? ವಕೀಲ ಅಂತ ಬಾರ್ ಕೌನ್ಸಿಲ್ ಕಾರ್ಡ್ ಬಂದಾಗ ಅಮ್ಮ ಬೀದಿಗೆಲ್ಲ ತೋರಿಸಿದ್ದರು. ಅದನ್ನು ಬಚ್ಚಿಟ್ಟುಕೊಂಡು ಮನೆ ಕೇಳಬೇಕಾ ನಾನು?