ಪೇಟೆಬೀದಿಯ ಅಂಗಡಿ ನಷ್ಟದಲ್ಲಿರಲಿಲ್ಲ

ಪೆನ್ನು, ಪತ್ರಿಕೆ, ಪುಸ್ತಕ ಮಾರುವ ಡಬ್ಲ್ಯುಎಚ್‌ಸ್ಮಿತ್ ಕಂಪನಿ ಇಂಗ್ಲೆಂಡಿನ ಊರೂರಿನ ಪೇಟೆಬೀದಿಯಲ್ಲಿದ್ದ ತನ್ನ ಅಂಗಡಿಗಳನ್ನು ಮಾರಿ, ಅದರ ಬೋರ್ಡು ಇಳಿದು ಟಿಜಿಜೋನ್ಸ್ ಅಂತ ಹೊಸ ಬೋರ್ಡು ಏರಿದಾಗಿನಿಂದ ಇಲ್ಲಿನ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: "ಅಮೆಜಾನ್ ನುಂಗಿ ನೀರು ಕುಡೀತು ಬಿಡಿ, ಪೆನ್ನು ನೋಟ್‌ಬುಕ್ಕಿಗೆ ಈಗ ಅಂಗಡಿಗೆ ಹೋಗೋರು ಯಾರು?" ಹೇಳೋಕೆ ಸುಲಭ, ಕೇಳೋಕೂ ಸರಿ ಅನ್ನಿಸುತ್ತೆ. ಆದರೆ ಆ ಕಂಪನಿಯೇ ಪ್ರಕಟಿಸಿದ ಲೆಕ್ಕ ಹಾಗೆ ಹೇಳುವುದಿಲ್ಲ.

2024ರ ಆಗಸ್ಟ್‌ಗೆ ಮುಗಿದ ವರ್ಷದಲ್ಲಿ ಪೇಟೆಬೀದಿಯ ಸುಮಾರು 500 ಅಂಗಡಿಗಳು 452 ಮಿಲಿಯನ್ ಪೌಂಡ್ ವ್ಯಾಪಾರ ಮಾಡಿ 32 ಮಿಲಿಯನ್ ಲಾಭ ತಂದವು. ನೂರು ಪೌಂಡಿಗೆ ಏಳು ಪೌಂಡ್. ಬಳಪ, ಬೈಂಡು, ಬರ್ತ್‌ಡೇ ಕಾರ್ಡ್ ಮಾರುವವನಿಗೆ ಇದು ಬಾಗಿಲು ಹಾಕಬೇಕಾದ ಲೆಕ್ಕ ಅಲ್ಲವೇ ಅಲ್ಲ. ಪಕ್ಕದಲ್ಲಿದ್ದ ಇನ್ನೊಂದು ಸಂಖ್ಯೆ ಅದನ್ನು ಚಿಕ್ಕದು ಮಾಡಿತು, ಅಷ್ಟೆ. ಅದೇ ವರ್ಷ ಬ್ರಿಟನ್ನಿನ ವಿಮಾನ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಹೆದ್ದಾರಿ ಬದಿಯ ತಂಗುದಾಣಗಳಲ್ಲಿದ್ದ ಸರಿಸುಮಾರು 600 ಅಂಗಡಿಗಳಿಂದ ಬಂದದ್ದು 795 ಮಿಲಿಯನ್ ವ್ಯಾಪಾರ, 122 ಮಿಲಿಯನ್ ಲಾಭ. ಒಂದೊಂದು ಅಂಗಡಿಗೆ ಭಾಗಿಸಿದರೆ ಪೇಟೆಬೀದಿಯ ಅಂಗಡಿಗಿಂತ ಮೂರು ಪಟ್ಟು. ಅದೇ ಬೋರ್ಡು, ಅದೇ ಪೆನ್ನು, ಅದೇ ಪತ್ರಿಕೆ. ಬೇರೆಯಾದದ್ದು ಅಂಗಡಿ ನಿಂತ ಜಾಗ ಮಾತ್ರ.

ಆ ಜಾಗದಲ್ಲಿ ಅಂಥದ್ದೇನಿದೆ? ನಮ್ಮವರಿಗೆ ಮೊದಲು ಒಂದು ವಿಷಯ ಹೇಳಬೇಕು. ಬ್ರಿಟನ್ನಿನಲ್ಲಿ ಎಂಆರ್‌ಪಿ ಅನ್ನೋದೇ ಇಲ್ಲ. ಬಳ್ಳಾರಿ ಸ್ಟೇಷನ್ನಿನಲ್ಲಿ ಯಾರಾದರೂ ಬಾಟಲಿಗೆ ಎರಡು ರೂಪಾಯಿ ಜಾಸ್ತಿ ಕೇಳಿದರೆ ನಾವು ಮುದ್ರಿಸಿದ ಬೆಲೆ ತೋರಿಸಿ ಜಗಳ ಮಾಡಬಹುದು. ಇಲ್ಲಿ ತೋರಿಸೋಕೆ ಏನೂ ಇರುವುದಿಲ್ಲ, ಅಂಗಡಿಯವನು ಹಾಕಿದ್ದೇ ಬೆಲೆ. ಒಂದೇ ಕಂಪನಿಯ ಎರಡು ಅಂಗಡಿಯಲ್ಲಿ ಒಂದೇ ಸರಕಿಗೆ ಎರಡು ಬೆಲೆ ಇದ್ದರೂ ಕಾನೂನು ತಡೆಯುವುದಿಲ್ಲ. ಇನ್ನು ಬಾಡಿಗೆ. ವಿಮಾನ ನಿಲ್ದಾಣದವರು ಸಾಮಾನ್ಯವಾಗಿ ಮಾರಾಟದಲ್ಲೇ ಇಂತಿಷ್ಟು ಪಾಲು ಅಂತ ಬಾಡಿಗೆ ಎತ್ತುತ್ತಾರೆ. ಬೆಲೆ ಏರಿದರೆ ಅಂಗಡಿಯವನಿಗೂ ಖುಷಿ, ಜಾಗದ ಮಾಲೀಕನಿಗೂ ಖುಷಿ. ಸೆಕ್ಯುರಿಟಿ ದಾಟಿ ಒಳಗೆ ಬಂದ ಗಿರಾಕಿಗೆ ಹೊರಗೆ ಹೋಗಿ ಬೇರೆ ಅಂಗಡಿ ನೋಡುವ ದಾರಿಯಿಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತವನಿಗೂ ಇಲ್ಲ. 2018ರಲ್ಲಿ ವೇಕ್‌ಫೀಲ್ಡ್‌ನ ಪಿಂಡರ್‌ಫೀಲ್ಡ್ಸ್ ಆಸ್ಪತ್ರೆಯ ಸ್ಮಿತ್ ಅಂಗಡಿಯಲ್ಲಿ ಒಂದು ಟೂತ್‌ಪೇಸ್ಟಿಗೆ 7.99 ಪೌಂಡ್ ಬೆಲೆ ಕಂಡು ದೊಡ್ಡ ಗಲಾಟೆಯಾಯಿತು. ಬೆಲೆ ತಪ್ಪಾಗಿ ಬಿದ್ದಿತ್ತು ಅಂತ ಕಂಪನಿ ಕ್ಷಮೆ ಕೇಳಿತು. ತಪ್ಪೇ ಇರಬಹುದು. ಆದರೆ ಜನ ಅದನ್ನು ತಪ್ಪು ಅಂತ ನಂಬಲು ಹಿಂದೆಮುಂದೆ ನೋಡಿದರು ಅನ್ನೋದನ್ನೂ ಗಮನಿಸಿ.

ಈ ಅಂಗಡಿಗಳು ಪೇಟೆಬೀದಿಗೆ ಬಂದದ್ದೇ ಬಾಡಿಗೆ ಜಗಳದಿಂದ. 1792ರಲ್ಲಿ ಲಂಡನ್ನಿನಲ್ಲಿ ಸುದ್ದಿಪತ್ರಿಕೆ ಮಾರುವ ಸಣ್ಣ ಅಂಗಡಿಯಾಗಿ ಶುರುವಾಗಿ, 1848ರಲ್ಲಿ ಯೂಸ್ಟನ್ ನಿಲ್ದಾಣದಲ್ಲಿ ಮೊದಲ ರೈಲ್ವೆ ಪುಸ್ತಕ ಮಳಿಗೆ ತೆರೆದ ಮನೆತನ ಅದು. ನಮ್ಮ ಕಡೆ ಹಿಗ್ಗಿನ್‌ಬಾಥಮ್ಸ್, ಉತ್ತರದಲ್ಲಿ ವೀಲರ್ ಪ್ಲಾಟ್‌ಫಾರಂಗಳಲ್ಲಿ ನಡೆಸಿದ ವ್ಯಾಪಾರವನ್ನೇ ಇವರು ಅಲ್ಲಿ ನಡೆಸುತ್ತಿದ್ದರು. 1905ರಲ್ಲಿ ಎರಡು ದೊಡ್ಡ ರೈಲ್ವೆ ಕಂಪನಿಗಳು ಹೆಚ್ಚು ಬಾಡಿಗೆಗೆ ಪಟ್ಟು ಹಿಡಿದವು, ಮಾತು ಮುರಿಯಿತು, ಸುಮಾರು 250 ಮಳಿಗೆ ಕೈತಪ್ಪಿದವು. ಸ್ಮಿತ್‌ನವರು ಕೈಕಟ್ಟಿ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಆಯಾ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ, ಊರೊಳಗೆ, 140ಕ್ಕೂ ಹೆಚ್ಚು ಅಂಗಡಿ ತೆರೆದರು. ಗಿರಾಕಿ ನಡೆದು ಬರುವ ದಾರಿ ನೋಡಿ ಜಾಗ ಹಿಡಿದವರು ಅವರು. 120 ವರ್ಷ ಆದಮೇಲೆ ಅವರ ವಾರಸುದಾರರು ಆ ದಾರಿಯನ್ನು ಬಿಟ್ಟು ಗಿರಾಕಿ ಸಿಕ್ಕಿಬೀಳುವ ಜಾಗಕ್ಕೆ ವಾಪಸ್ ಹೋದರು.

ಹೋಗುವ ಮುಂಚೆ ಏನು ಮಾಡಿದರು ಅನ್ನೋದರ ಬಗ್ಗೆಯೇ ನನಗೆ ತಕರಾರು. 2003ರಿಂದ 2013ರವರೆಗೆ ಕೇಟ್ ಸ್ವಾನ್ ಮುಖ್ಯಸ್ಥೆಯಾಗಿದ್ದಾಗ ಖರ್ಚು ಕಡಿತ ಮತ್ತು ಹೆಚ್ಚು ಮಾರ್ಜಿನ್ ಇರುವ ಸರಕು ಇವೆರಡೇ ಮಂತ್ರ. ಶೇರುದಾರರಿಗೆ ಒಳ್ಳೆಯ ಕಾಲ, ಅದರಲ್ಲಿ ಎರಡು ಮಾತಿಲ್ಲ. ಗಲ್ಲಾದ ಮುಂದೆ ಅರ್ಧ ಬೆಲೆಯ ಚಾಕಲೇಟು ರಾಶಿ ಬಿತ್ತು. 2006ರಲ್ಲಿ ಡೇವಿಡ್ ಕ್ಯಾಮರೂನ್, ಆಗಿನ್ನೂ ವಿರೋಧ ಪಕ್ಷದ ನಾಯಕ, ನಿಜವಾದ ಕಿತ್ತಳೆ ಬಿಟ್ಟು ಚಾಕಲೇಟ್ ಕಿತ್ತಳೆ ಯಾಕೆ ಮಾರ್ತೀರಿ ಅಂತ ಬಹಿರಂಗವಾಗಿ ಕೇಳಿದ್ದರು. ಸ್ವಾನ್ ಹೋದಮೇಲೂ ಪೇಟೆಬೀದಿಯಲ್ಲಿ ಆಳು ಕಡಿಮೆ, ಬಲ್ಬು ಕಡಿಮೆ, ಕಾರ್ಪೆಟ್ಟು ಹರಿದರೆ ಟೇಪು. ಆ ಹರಕು ಕಾರ್ಪೆಟ್ಟುಗಳ ಫೋಟೋ ಹಾಕೋಕೆಂದೇ ಟ್ವಿಟರ್‌ನಲ್ಲಿ ಒಂದು ಖಾತೆ ನಡೀತಿತ್ತು, ತಮಾಷೆಯಲ್ಲ. 'ವಿಚ್?' ಗ್ರಾಹಕ ಪತ್ರಿಕೆಯ ಸಮೀಕ್ಷೆಯಲ್ಲಿ 2018 ಮತ್ತು 2019, ಎರಡೂ ವರ್ಷ ಪೇಟೆಬೀದಿಯ ಅಂಗಡಿಗಳಲ್ಲೆಲ್ಲ ಕೊನೆಯ ಸ್ಥಾನ. ಇಷ್ಟಾದರೂ ಲಾಭ ಬರುತ್ತಿತ್ತು. ಯಾಕೆಂದರೆ ಗುತ್ತಿಗೆ ಮುಗಿದಾಗಲೆಲ್ಲ ಮಾಲೀಕರ ಜೊತೆ ಚೌಕಾಸಿ ಮಾಡಿ ಬಾಡಿಗೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿಕೊಳ್ಳುತ್ತಿದ್ದರು. ಮೇವು ಹಾಕದೆ ಹಸು ಕರೆದರು. ಬಂದ ಹಾಲು ವಿಮಾನ ನಿಲ್ದಾಣಕ್ಕೆ ಹೋಯಿತು. ಕೊನೆಗೆ ಹಸು ಬಡಕಲಾಗಿದೆ ಅಂತ ಮಾರಿದರು.

ಕಾಗದದ ವ್ಯಾಪಾರಕ್ಕೆ ಪೇಟೆಬೀದಿಯಲ್ಲಿ ಕಾಲ ಮುಗಿದಿದೆ ಅಂತ ವಾದಿಸುವವರು 2023ರ ಜನವರಿಯಲ್ಲಿ ಮುಳುಗಿದ ಪೇಪರ್‌ಚೇಸ್ ಅನ್ನೋ ಕಾರ್ಡು-ಕಾಗದದ ಅಂಗಡಿಗಳ ಕಡೆ ಬೆರಳು ತೋರಿಸುತ್ತಾರೆ. ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೋ ಅದರ ಹೆಸರನ್ನಷ್ಟೇ ಕೊಂಡಿತು, ಅಂಗಡಿಗಳನ್ನು ಮುಟ್ಟಲಿಲ್ಲ. ಒಪ್ಪುತ್ತೇನೆ. ಆದರೆ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಗಳನ್ನು ನೋಡಿ. ಒಂದು ಕಾಲದಲ್ಲಿ ಅದರ ಒಡೆಯರು ಇದೇ ಸ್ಮಿತ್‌ನವರು, 1998ರಲ್ಲಿ ಮಾರಿಬಿಟ್ಟರು. 2011ರಲ್ಲಿ ಜೇಮ್ಸ್ ಡಾಂಟ್ ಅದರ ಮುಖ್ಯಸ್ಥರಾಗಿ ಬಂದು, ಯಾವ ಪುಸ್ತಕ ಎದುರಿಗಿಡಬೇಕು ಅನ್ನೋದನ್ನು ಆಯಾ ಊರಿನ ಅಂಗಡಿಯವರಿಗೇ ಬಿಟ್ಟರು. ಪುಸ್ತಕವೂ ಅಮೆಜಾನ್‌ನಲ್ಲಿ ಸಿಗುವ ಸರಕೇ ಅಲ್ಲವೇ? ಆದರೂ ಅವರು ಹೊಸ ಅಂಗಡಿ ತೆರೆಯುತ್ತಿದ್ದಾರೆ.

ಪೇಟೆಬೀದಿಯ ಅಂಗಡಿಯ ಬೆಲೆ ಲಾಭದ ಕಾಲಂನಲ್ಲಿ ಪೂರ್ತಿ ಕಾಣುವುದೂ ಇಲ್ಲ. ಸ್ಮಿತ್‌ನ ಸುಮಾರು 200 ಅಂಗಡಿಗಳ ಒಳಗೇ ಪೋಸ್ಟ್ ಆಫೀಸ್ ಕೌಂಟರ್ ಇತ್ತು. ನಾನಿರುವ ಊರಲ್ಲಿ ಅದು ಅಂಗಡಿಯ ತೀರಾ ಹಿಂದೆ. ಹೋಗಬೇಕಾದರೆ ಫೈಲು, ಕವರು, ಜಾಮಿಟ್ರಿ ಬಾಕ್ಸುಗಳ ಸಾಲು ದಾಟಿಯೇ ಹೋಗಬೇಕು. ಪಿಂಚಣಿ ವಯಸ್ಸಿನವರು ಪಾರ್ಸೆಲ್ ತೂಕ ಹಾಕಿಸುತ್ತಾ ಕೌಂಟರಿನಾಕೆಯ ಮೊಮ್ಮಗನ ಜ್ವರ ವಿಚಾರಿಸುತ್ತಿರುತ್ತಾರೆ, ಸಾಲಲ್ಲಿ ಹಿಂದೆ ನಿಂತವರು ಸುಮ್ಮನೆ ಕಾಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಮುನ್ನಿನ ವಾರ ಅದೇ ಸಾಲಿನಲ್ಲಿ ಮಕ್ಕಳು ಪೆನ್ಸಿಲ್ ಕೇಸಿನ ಜಿಪ್ಪು ಎಳೆದು ನೋಡುತ್ತಿರುತ್ತವೆ. ಅಂಗಡಿ ಮುಚ್ಚಿದರೆ ಕೌಂಟರಿಗೂ ಬೇರೆ ಜಾಗ ಹುಡುಕಬೇಕು.

ಮಾರಾಟದ ಕಥೆ ಚಿಕ್ಕದು. 2025ರ ಮಾರ್ಚ್‌ನಲ್ಲಿ ಸುಮಾರು 480 ಅಂಗಡಿ, 5,000 ನೌಕರರ ಸಮೇತ ಮೊಡೆಲ್ಲಾ ಕ್ಯಾಪಿಟಲ್ ಅನ್ನೋ ಹೂಡಿಕೆ ಸಂಸ್ಥೆಗೆ ಕೊಡುವುದಾಗಿ ಹೇಳಿದರು, 76 ಮಿಲಿಯನ್ ಮೌಲ್ಯ ಕಟ್ಟಿ. ಜೂನ್ ಕೊನೆಗೆ ಕೈ ಬದಲಾಗುವಷ್ಟರಲ್ಲಿ ಹೆಚ್ಚೆಂದರೆ 40 ಮಿಲಿಯನ್ ಅನ್ನುವಲ್ಲಿಗೆ ಬಂದಿತ್ತು. ಹೆಸರು ಮಾತ್ರ ಕೊಡಲಿಲ್ಲ. ಅದು ವಿಮಾನ ನಿಲ್ದಾಣಕ್ಕೆ ಬೇಕಿತ್ತು. ಹಾಗಾಗಿ ಎಂದೂ ಹುಟ್ಟದ ಜೋನ್ಸ್ ಒಬ್ಬರನ್ನು ಬೋರ್ಡಿನ ಮೇಲೆ ಕೂರಿಸಿದರು.

ಇನ್ನು ಮುಂದೆ ಅಮೆರಿಕವೇ ನಮ್ಮ ಬೆಳವಣಿಗೆ ಅಂತ ಸ್ಮಿತ್‌ನವರು ಹೂಡಿಕೆದಾರರಿಗೆ ಹೇಳಿಕೊಂಡದ್ದು ಆಯಿತು. ಎರಡು ತಿಂಗಳೂ ಕಳೆದಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಆ ಅಮೆರಿಕದ ಲೆಕ್ಕದಲ್ಲೇ ತೂತು ಬಿತ್ತು. ಸರಬರಾಜುದಾರರಿಂದ ಬರಬೇಕಾದ ಹಣವನ್ನು ಅವಧಿಗೆ ಮುಂಚೆಯೇ ಆದಾಯ ಅಂತ ಬರೆದಿದ್ದರಿಂದ ಆ ವರ್ಷದ ಲಾಭದ ಅಂದಾಜು ಸುಮಾರು 30 ಮಿಲಿಯನ್‌ನಷ್ಟು ಉಬ್ಬಿತ್ತು. ಒಂದೇ ದಿನದಲ್ಲಿ ಶೇರು ಶೇಕಡಾ 40ಕ್ಕಿಂತ ಹೆಚ್ಚು ಬಿತ್ತು, ನವೆಂಬರ್‌ನಲ್ಲಿ ಮುಖ್ಯಸ್ಥ ಕಾರ್ಲ್ ಕೌಲಿಂಗ್ ರಾಜೀನಾಮೆ ಕೊಟ್ಟರು. ಈಗ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ: ಅಮೆರಿಕದಲ್ಲಿ ಉಬ್ಬಿಹೋಗಿದೆ ಅಂತ ಆಗಸ್ಟ್‌ನಲ್ಲಿ ಒಪ್ಪಿಕೊಂಡದ್ದು ಸುಮಾರು 30 ಮಿಲಿಯನ್, ಬೇಡ ಅಂತ ಮಾರಿದ ಪೇಟೆಬೀದಿ ಹಿಂದಿನ ವರ್ಷ ತಂದಿದ್ದು 32 ಮಿಲಿಯನ್.

ಟಿಜಿಜೋನ್ಸ್ ಉಳಿಯುತ್ತೋ ಇಲ್ಲವೋ ಅಂತ ಕೇಳುವವರಿಗೆ ನನ್ನ ಉತ್ತರ: ಕಾರ್ಪೆಟ್ಟಿಗೆ ದುಡ್ಡು ಹಾಕುತ್ತಾರಾ ನೋಡಿ. ಆ ಅಂಗಡಿಗಳ ಬಾಡಿಗೆ ಗುತ್ತಿಗೆಗಳು ಗಿಡ್ಡ, ಬೇಕಾದಾಗ ಕೈ ತೊಳೆದುಕೊಳ್ಳೋದು ಸುಲಭ. ಹಣ ಹೂಡುವವರು ಅದನ್ನು ಅನುಕೂಲ ಅನ್ನುತ್ತಾರೆ. ನಮ್ಮೂರ ಪೋಸ್ಟ್ ಆಫೀಸ್ ಸಾಲಿನಲ್ಲಿ ನಿಂತವರನ್ನು ಕೇಳಿದರೆ ಬೇರೆ ಮಾತು ಬರುತ್ತೆ.